ಗಿಡಗಳ ನೀರಿಗೆ ಉಪ್ಪು ಬೆರೆಸಿದ ಬಗ್ಗೆ

ಗುರುತಿನ ಚೀಟಿಯಲ್ಲಿ ಕಂಡ ಹೆಸರಿನವನಾದ ನಾನು, ವಯಸ್ಸು 34 ವರ್ಷ, ಉದ್ಯೋಗ ಪಂಪ್ ಆಪರೇಟರ್, ವಾಸ ನೀರಿನ ಟ್ಯಾಂಕಿನ ಹಿಂದಿನ ಸಾಲುಮನೆಗಳಲ್ಲಿ ಏಳನೆಯದು, ಈ ದಿನ ಮಧ್ಯಾಹ್ನ 3 ಗಂಟೆಗೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಆರು ವರ್ಷಗಳಿಂದ ಬಾಹ್ಯಾಕಾಶ ಬೆಳೆ ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡಿಕೊಂಡಿದ್ದೇನೆ. ಅಲ್ಲಿ 11 ಮೀಟರ್ ಉದ್ದ, 4 ಮೀಟರ್ ಅಗಲದ ಒಂದು ಮುಚ್ಚಿದ ಕೋಣೆಯಿದೆ. ಒಳಗೆ ಮಣ್ಣಿಲ್ಲ. ಎಂಟು ಟ್ರೇಗಳಲ್ಲಿ ಗೊಬ್ಬರದ ನೀರಿನ ಮೇಲೆಯೇ ಗೋಧಿ, ಆಲೂಗಡ್ಡೆ, ಸೊಪ್ಪು ಬೆಳೆಯುತ್ತವೆ. ಆ ನೀರನ್ನು ಹೊರಗಿನಿಂದ ಪೈಪಿನಲ್ಲಿ ಬಿಡುವುದು ನನ್ನ ಕೆಲಸ. ಒಳಗಿರುವ ಮನುಷ್ಯ ಆ ಬೆಳೆಯನ್ನೇ ತಿನ್ನಬೇಕು, ಆ ಗಿಡಗಳು ಕೊಡುವ ಗಾಳಿಯನ್ನೇ ಉಸಿರಾಡಬೇಕು. 120 ದಿನ ಹೀಗೆ ಬದುಕಿ ತೋರಿಸಿದವನನ್ನು ಮೇಲೆ ಬಾಹ್ಯಾಕಾಶ ನಿಲ್ದಾಣದ ತೋಟ ನೋಡಿಕೊಳ್ಳಲು ಕಳಿಸುವುದಾಗಿ ಹೇಳಿದ್ದರು.

ನನ್ನ ಅಕ್ಕನ ಗಂಡ, ವಯಸ್ಸು 41, ನರ್ಸರಿಯಲ್ಲಿ ಸಸಿ ಬೆಳೆಸುತ್ತಿದ್ದವರು, ನನ್ನ ಮಾತು ಕೇಳಿಯೇ ಅರ್ಜಿ ಹಾಕಿದ್ದರು. ಒಳಗೆ ಹೋದ ದಿನ ಭಾವನ ತೂಕ 71 ಕೆ.ಜಿ. ಇಲ್ಲಿ ಮಣ್ಣೇ ಇಲ್ಲ ಕಣೋ, ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲ್ಲ ಎಂದು ನಮ್ಮನ್ನೆಲ್ಲ ನಗಿಸಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಹಿಡಿ ತಿರುಗಿಸಿ ಯಾವಾಗ ಬೇಕಾದರೂ ಹೊರಬರಬಹುದಿತ್ತು. ಬಂದರೆ ಪರೀಕ್ಷೆ ಅಲ್ಲಿಗೆ ಮುಗಿಯುತ್ತಿತ್ತು.

58ನೇ ದಿನ ಬೆಳಿಗ್ಗೆ 9.40ಕ್ಕೆ ಕೇಂದ್ರದ ಮುಖ್ಯಸ್ಥರು ನನ್ನನ್ನು ಕರೆದು, ಗೋಧಿ, ಆಲೂಗಡ್ಡೆ ಇದ್ದ 4, 5 ಮತ್ತು 6ನೇ ಟ್ರೇಗಳ ನೀರಿಗೆ ದಿನಕ್ಕೆ 200 ಗ್ರಾಂ ಉಪ್ಪು ಬೆರೆಸಲು ಹೇಳಿದರು. ಬೆಳೆ ಕೈಕೊಟ್ಟರೆ ಮನುಷ್ಯ ಏನು ಮಾಡುತ್ತಾನೆಂದು ನೋಡಬೇಕು, ಅವನಿಗೆ ತಿಳಿಯಬಾರದು ಎಂದರು. ನಾನು ಹಿಂದೆಮುಂದೆ ನೋಡಿದಾಗ, ಇಷ್ಟು ವರ್ಷ ನಮ್ಮ ಉಪ್ಪು ತಿಂದಿದ್ದೀಯ, ಸ್ವಲ್ಪ ಗಿಡಕ್ಕೂ ಹಾಕು ಎಂದು ನಕ್ಕರು. 10.15ಕ್ಕೆ ಬೆರೆಸಿದೆ. ಮುಂದೆ ದಿನವೂ ಬೆರೆಸಿದೆ.

66ನೇ ದಿನದ ಹೊತ್ತಿಗೆ ಗೋಧಿ ತುದಿಯಿಂದ ಸುಟ್ಟುಕೊಂಡು ಬಂತು. ಮುಖ್ಯಸ್ಥರು ಫೋನಿನಲ್ಲಿ ಭಾವನಿಗೆ, ಬೇರು ಮುಟ್ಟಿ ಮುಟ್ಟಿ ನೀನೇ ಕೆಡಿಸಿದ್ದೀಯ ಎಂದರು. ಭಾವ ತಪ್ಪಾಯಿತು ಎಂದರು. ಅಂದಿನಿಂದ ದಿನಕ್ಕೆ ಒಂದೇ ಊಟ ಮಾಡಿದರು. ಗಾಳಿ ಕೆಟ್ಟು ತಲೆನೋವು ಬರುತ್ತಿತ್ತು. ಹೆಚ್ಚು ಉಸಿರು ಖರ್ಚಾಗಬಾರದೆಂದು ಹಗಲಲ್ಲೂ ಮಲಗಿರುತ್ತಿದ್ದರು. ಭಾವ ಯಾವ ದಿನ ಹಿಡಿ ತಿರುಗಿಸುತ್ತಾರೆಂದು ಎಂಜಿನಿಯರುಗಳು ಪಂಥ ಕಟ್ಟಿ ಬೋರ್ಡಿನಲ್ಲಿ ಬರೆದರು. ಅಷ್ಟರೊಳಗೆ ಬಂದುಬಿಡಲಿ ಎಂದು ನಾನೂ 72 ಎಂದು ಬರೆದೆ.

70ನೇ ದಿನ ಅವರ ಬಳಿ ಹದಿನಾಲ್ಕು ಆಲೂಗಡ್ಡೆ ಉಳಿದಿದ್ದವು. ಅವನ್ನು ತಿನ್ನಲಿಲ್ಲ. ಮೊಳಕೆ ನೋಡಿ ಕತ್ತರಿಸಿ, ಎಲ್ಲವನ್ನೂ 5ನೇ ಟ್ರೇಯಲ್ಲಿ ನೆಟ್ಟರು. ಅದು ಉಪ್ಪಿನ ಟ್ರೇ. ನಾನು ಮುಖ್ಯಸ್ಥರ ಕೋಣೆಗೆ ಹೋಗಿ, ಸಾರ್, ಅದೊಂದಕ್ಕಾದರೂ ಒಳ್ಳೆ ನೀರು ಬಿಡ್ತೀನಿ ಎಂದು ಕೈಮುಗಿದೆ. ಹಸಿದವನು ಊಟವನ್ನು ನೆಡುತ್ತಿದ್ದಾನೆ, ಇಂಥ ಮಾಹಿತಿ ಬಂಗಾರ ಕೊಟ್ಟರೂ ಸಿಗುವುದಿಲ್ಲ, ಮುಟ್ಟಬೇಡ ಎಂದರು. ನಾನು ಮುಟ್ಟಲಿಲ್ಲ.

82ನೇ ದಿನ, ಭಾನುವಾರ, ಅಕ್ಕ ಎಂದಿನಂತೆ ಕೇಂದ್ರದ ವೀಡಿಯೊ ಪರದೆಯ ಮುಂದೆ ಕೂತು ಭಾವನ ಜೊತೆ ಹತ್ತು ನಿಮಿಷ ಮಾತಾಡಿದಳು. ಹೊರಗೆ ಬಂದು, ಯಾಕೋ ನಿಮ್ಮ ಭಾವನ ಮುಖ ಇಷ್ಟು ಸಣ್ಣ ಆಗಿದೆ ಎಂದು ಕೇಳಿದಳು. ಕ್ಯಾಮೆರಾ ಹಾಗೆ ತೋರಿಸುತ್ತೆ ಅಕ್ಕ ಎಂದೆ.

83ನೇ ದಿನ, ಅಂದರೆ ನಿನ್ನೆ ಬೆಳಿಗ್ಗೆ 10.12ಕ್ಕೆ ಭಾವ 5ನೇ ಟ್ರೇ ಹತ್ತಿರ ಕುಸಿದು ಬಿದ್ದರು. ಬಾಗಿಲು ತೆಗೆಯೋಣ ಎಂದೆ. 10.30ಕ್ಕೆ ಗಾಳಿಯ ಅಳತೆ ಇದೆ, ಈಗ ತೆಗೆದರೆ ಇಷ್ಟು ದಿನದ ಕೆಲಸ ನೀರಿನಲ್ಲಿ ಹೋಮ, ಕೂತುಕೋ ಎಂದು ಮುಖ್ಯಸ್ಥರು ಹೇಳಿದರು. ನನ್ನ ಕುರ್ಚಿಯಿಂದ ಬಾಗಿಲಿಗೆ ಆರು ಹೆಜ್ಜೆ. ನಾನು ಕೂತೆ.

ಅಳತೆ ಮುಗಿದ ಮೇಲೆ 10.31ಕ್ಕೆ ಬಾಗಿಲು ತೆರೆದರು. ಭಾವನಿಗೆ ಇನ್ನೂ ಉಸಿರಿತ್ತು. ಎತ್ತಿದಾಗ ತೋಳಿನಲ್ಲಿ ಭಾರವೇ ಇರಲಿಲ್ಲ. ನನ್ನ ಗುರುತು ಹಿಡಿದು, ಬೆಳೆ ಒಣಗಿಸಿಬಿಟ್ಟೆ ಕಣೋ, ನಿನ್ನ ಮರ್ಯಾದೆ ಕಳೆದೆ, ಸಾಹೇಬರಿಗೆ ನೀನೇ ಒಂದು ಮಾತು ಹೇಳು ಎಂದರು. ಆಯ್ತು ಭಾವ ಎಂದೆ. ಉಪ್ಪಿನ ವಿಷಯ ಹೇಳಲಿಲ್ಲ. ಆಸ್ಪತ್ರೆಯಲ್ಲಿ 12.05ಕ್ಕೆ ತೀರಿಕೊಂಡರು. ಅಲ್ಲಿ ಬರೆದುಕೊಂಡ ತೂಕ 55 ಕೆ.ಜಿ.

ಸಂಜೆ 4 ಗಂಟೆಗೆ ಮುಖ್ಯಸ್ಥರು, ಬೆಳೆ ಹಾಳಾದದ್ದು ಒಳಗಿದ್ದವರ ಅಜಾಗರೂಕತೆಯಿಂದ ಎಂದು ಬರೆದ ಕಾಗದಕ್ಕೆ ಅಕ್ಕನ ಸಹಿ ಹಾಕಿಸಿಕೊಂಡರು. ಅಕ್ಕ ಸಹಿ ಹಾಕಿ, ನಮ್ಮವರಿಂದ ನಿಮಗೆಲ್ಲ ತೊಂದರೆ ಆಯ್ತು, ಮನಸ್ಸಲ್ಲಿ ಇಟ್ಟುಕೋಬೇಡಿ ಎಂದು ಅವರ ಕ್ಷಮೆ ಕೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಉಪ್ಪುನೀರಿನ ಟ್ಯಾಂಕ್ ತೊಳೆದುಬಿಡು ಎಂದು ಆಮೇಲೆ ನನಗೆ ಹೇಳಿದರು. ತೊಳೆದಿಲ್ಲ. ಅದರ ಒಂದು ಬಾಟಲಿ ನೀರನ್ನು ಹಾಜರುಪಡಿಸಿದ್ದೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಿದೆ. ಅಕ್ಕ ಹೊರಗಿನ ಬೆಂಚಿನಲ್ಲಿ ಕೂತಿದ್ದಾಳೆ. ಅವಳಿಗೆ ಓದಲು ಬರುತ್ತದೆ. ಇದರ ಒಂದು ಪ್ರತಿಯನ್ನು ಅವಳ ಕೈಗೆ ಕೊಡಬೇಕೆಂದು ಕೋರುತ್ತೇನೆ. ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಮಂಗಳವಾರ, ಸಂಜೆ 4.50
ಹೇಳಿಕೆ ಕೊಟ್ಟವನ ಸಹಿ