ಮೂರನೇ ಹಾಸಿಗೆಯ ಹಿಡಿ

ನಗಬೇಡಿ, ಆಮೇಲೆ ನೀವೇ ಲೈಟ್ ಹಾಕಿಕೊಂಡು ಮಲಗುತ್ತೀರಿ. ಎಲ್ಲೋ ಯಾರೋ ಹೇಳಿದ್ದಲ್ಲ ಇದು. ನನ್ನ ಚಿಕ್ಕಪ್ಪನ ಮಗ ಉದಯಶಂಕರನಿಗೆ ಆದದ್ದು. ಹೋದ ಡಿಸೆಂಬರಿನಲ್ಲಿ, ಇಲ್ಲೇ ಲಂಡನ್ನಿನ ಹ್ಯಾರೋದಲ್ಲಿ.

ಉದಯ ಡಾಕ್ಟರು. ಈ ದೇಶಕ್ಕೆ ಬರುವ ಮುಂಚೆ ಮೂರು ವರ್ಷ ಲಿಬಿಯಾದಲ್ಲಿದ್ದ, ಒಂದು ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ. ನಾಲ್ಕೇ ಮಷೀನು, ನಾಲ್ಕೂ ಹಳೇವು. ಕರೆಂಟು ಯಾವಾಗ ಹೋಗುತ್ತದೋ ದೇವರಿಗೇ ಗೊತ್ತು. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ. ಕರೆಂಟು ಹೋದರೆ ರೋಗಿಯ ರಕ್ತ ಹೊರಗಿನ ನಳಿಗೆಯಲ್ಲೇ ನಿಂತುಬಿಡುತ್ತದೆ. ಆಗ ಮಷೀನಿನ ಹಿಡಿಯನ್ನು ಯಾರಾದರೂ ಕೈಯಿಂದ ತಿರುಗಿಸುತ್ತಿರಬೇಕು. ಬಿಟ್ಟರೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಅಲ್ಲೊಂದು ಪದ್ಧತಿ. ಪ್ರತಿ ರೋಗಿಯ ಕಡೆಯವರೊಬ್ಬರು ಹಿಡಿ ತಿರುಗಿಸಲು ಕೂತಿರಬೇಕು. ಅವರ ಹೆಸರು ಗೋಡೆಯ ಮೇಲಿನ ಪಟ್ಟಿಯಲ್ಲಿ.

ಮೂರನೇ ಹಾಸಿಗೆಯ ಮುದುಕ ಹಾಜಿ ಮಿಫ್ತಾಹ್‌ಗೆ ಹಿಂದುಮುಂದು ಯಾರೂ ಇರಲಿಲ್ಲ. ಉದಯ ತನ್ನ ಹೆಸರನ್ನೇ ಬರೆದ. ಎಷ್ಟೋ ಸಲ ತಾನೇ ತಿರುಗಿಸಿದ. ಆಮೇಲೆ ಲಂಡನ್ ಕೆಲಸ ಸಿಕ್ಕಿತು. ಫೈಲು, ಬೀಗದ ಕೈ ಎಲ್ಲ ಒಪ್ಪಿಸಿ ಬಂದ. ಗೋಡೆಯ ಮೇಲಿನ ಆ ಒಂದು ಹೆಸರು ಮಾತ್ರ ಅಳಿಸಲು ಮರೆತ.

ಅವತ್ತು ಡ್ಯೂಟಿ ಮುಗಿಸಿ ಟ್ಯೂಬ್ ರೈಲು ಇಳಿದು ಮನೆಗೆ ನಡೆದುಕೊಂಡು ಹೊರಟಿದ್ದ. ಸಂಜೆ ಐದು. ಐದಕ್ಕೇ ಕಗ್ಗತ್ತಲು, ಇಲ್ಲಿನ ಡಿಸೆಂಬರು ನಿಮಗೆ ಗೊತ್ತಲ್ಲ. ಅವರ ಬೀದಿಯ ತಿರುವಿನಲ್ಲಿ ದೊಡ್ಡದೊಂದು ಚೆಸ್ಟ್‌ನಟ್ ಮರ. ಒಂದು ಎಲೆಯೂ ಇರಲಿಲ್ಲ. ಅದರ ಹತ್ತಿರ ಬಂದಾಗ ಕೇಳಿಸಿತು...

ಟೀಂ... ಟೀಂ... ಟೀಂ.

ಡಯಾಲಿಸಿಸ್ ಮಷೀನಿನ ಅಲಾರಂ, ಕರೆಂಟು ಹೋದಾಗ ಕೂಗುವಂಥದ್ದು. ಮೂರು ವರ್ಷ ಕೇಳಿದ ಶಬ್ದ, ತಪ್ಪುವುದುಂಟೇ. ಮರದ ಬುಡದಲ್ಲಿ ಯಾರೋ ನಿಂತಿದ್ದರು. ಎಡ ತೋಳು ಮುಂದಕ್ಕೆ ಚಾಚಿತ್ತು. ಮೊಣಕೈ ಹತ್ತಿರ, ಸೂಜಿ ಚುಚ್ಚುವ ಜಾಗದಲ್ಲಿ, ಬಿಳಿ ಪ್ಲಾಸ್ಟರು.

"ಯಾರು?"

"ಮೂರನೇ ಹಾಸಿಗೆ..." ಅರಬ್ಬಿಯಲ್ಲಿ, ಪಿಸುದನಿಯಲ್ಲಿ. "ಕೈ ಕೊಡಿ, ಡಾಕ್ಟರ್."

ಉದಯನ ಬಲಗೈ ಬೆರಳಿನಿಂದ ಭುಜದವರೆಗೆ ಜೋಮು ಹಿಡಿಯಿತು. ಆಮೇಲೆ ಕೈ ತಾನಾಗಿಯೇ ಮುಂದೆ ಹೋಯಿತು... ತಿರುಗತೊಡಗಿತು.

ಕಿರ್ರ್... ಟಕ್. ಕಿರ್ರ್... ಟಕ್.

ಇಷ್ಟು ಹೊತ್ತಾದರೂ ಬರಲಿಲ್ಲವೆಂದು ಹೆಂಡತಿ ಚಂದ್ರಿಕಾ ಹುಡುಕಿಕೊಂಡು ಬಂದಳು. ಇವನೊಬ್ಬನೇ ಮರದ ಕೆಳಗೆ, ಗಾಳಿಯಲ್ಲಿ ಕೈ ತಿರುಗಿಸುತ್ತ ನಿಂತಿದ್ದ.

"ರೀ... ಏನ್ ಮಾಡ್ತಿದ್ದೀರಾ?"

"ಇರು," ಅಂದ. "ಕರೆಂಟ್ ಇನ್ನೂ ಬಂದಿಲ್ಲ."

ಬೀದಿದೀಪಗಳೆಲ್ಲ ಉರಿಯುತ್ತಿದ್ದವು. ಸುಮಾರು ಹೊತ್ತಿನ ಮೇಲೆ ಕೈ ತಾನೇ ನಿಂತಿತು.

ಮನೆಗೆ ಬಂದವನೇ ಆ ವಾರ್ಡಿನ ನರ್ಸ್ ಮೈತ್ರೇಯಿಗೆ ಫೋನ್ ಮಾಡಿದ. ಮಂಗಳೂರಿನ ಹುಡುಗಿ, ಇನ್ನೂ ಅಲ್ಲೇ ಇದ್ದಾಳೆ.

"ಸಿಸ್ಟರ್, ಹಾಜಿ ಹೆಸರಿನ ಮುಂದೆ ನನ್ನ ಹೆಸರು ಹಾಗೇ ಇದೆ. ಬೇರೆ ಯಾರನ್ನಾದ್ರೂ ಹಾಕಿ."



"ಹಾಜಿ ಹೋಗಿ ಹನ್ನೆರಡು ದಿನ ಆಯ್ತು, ಡಾಕ್ಟ್ರೇ. ಕರೆಂಟ್ ಹೋಗಿತ್ತು. ನಾನು ಬೇರೆ ಹಾಸಿಗೆ ಹತ್ರ ತಿರುಗಿಸ್ತಾ ಇದ್ದೆ. ಹೊಸ ಅಟೆಂಡರ್ ಪಟ್ಟಿ ನೋಡಿದ. ಹೆಸರು ಇದೆಯಲ್ಲ, ಕಡೆಯವರು ಹೊರಗೆ ಹೋಗಿರ್ಬೇಕು, ಈಗ ಬರ್ತಾರೆ ಅಂತ ಕಾದ. ಅಷ್ಟರಲ್ಲಿ ನಳಿಗೆಯಲ್ಲಿದ್ದ ರಕ್ತ ಎಲ್ಲ ಹೆಪ್ಪುಗಟ್ಟಿಹೋಯ್ತು. ಮೊದಲೇ ರಕ್ತ ಇಲ್ಲದ ಮನುಷ್ಯ..."

ಉದಯ ಫೋನನ್ನು ಎಡಗೈಗೆ ಬದಲಾಯಿಸಿಕೊಂಡ.

"ಇನ್ನೊಂದು..." ಅವಳ ದನಿ ಇಳಿಯಿತು. "ಇವತ್ತೂ ಹೋಗಿತ್ತು. ಮೂರನೇ ಹಾಸಿಗೆ ಖಾಲಿ. ಹಿಡಿ ತಾನೇ ತಿರುಗ್ತಾ ಇತ್ತು, ಡಾಕ್ಟ್ರೇ. ಎಲ್ಲರೂ ನೋಡಿದ್ರು... ಹೆಸರು ಅಳಿಸಲಾ?"

ಉದಯ ಅಂದ: "ಬೇಡ. ಇರಲಿ."

ಅವನು ಅಳಲಿಲ್ಲವಂತೆ. ಏನೂ ಅನ್ನಿಸುತ್ತಿಲ್ಲ, ಬರೀ ಜೋಮು ಅಂದನಂತೆ. ಅವನ ಆಸ್ಪತ್ರೆಯಲ್ಲೇ ಕೈ ತೋರಿಸಿದ. ನರಗಳ ಪರೀಕ್ಷೆಯೆಲ್ಲ ಮಾಡಿದರು. ಎಲ್ಲ ಸರಿಯಿದೆ.

ಇಷ್ಟು ಚಂದ್ರಿಕಾ ಹೇಳಿದಾಗ ನಾನೂ ನಿಮ್ಮ ಹಾಗೇ ನಕ್ಕಿದ್ದೆ. ಹೋದ ಶನಿವಾರ ಇಬ್ಬರೂ ಪಿನ್ನರ್‌ಗೆ, ನಮ್ಮ ಮನೆಗೆ, ಊಟಕ್ಕೆ ಬಂದಿದ್ದರು. ಅನ್ನಕ್ಕೆ ಸಾರು ಹಾಕಿದೆ. ಉದಯ ಕಲೆಸಲೇ ಇಲ್ಲ. ಎಡಗೈ ತಟ್ಟೆಯ ಪಕ್ಕದಲ್ಲಿತ್ತು. ಬಲಗೈ ಮೇಜಿನ ಕೆಳಗೆ. ಕೆಳಗಿನಿಂದ ಮೆಲ್ಲಗೆ... ಕಿರ್ರ್... ಟಕ್.

ಚಂದ್ರಿಕಾ ನನ್ನ ಮುಖ ನೋಡಲಿಲ್ಲ. ಗಡಿಯಾರದಲ್ಲಿ ಏಳೂಕಾಲು. ಎಂಟಕ್ಕೆ ಐದು ನಿಮಿಷವಿದೆ ಅನ್ನುವಾಗ ಶಬ್ದ ನಿಂತಿತು. ಅವನು ಕೈ ಮೇಲೆತ್ತಿ ಅನ್ನ ಕಲೆಸಿದ. ಆರಿಹೋಗಿದೆ, ಬಿಸಿ ಮಾಡಿ ಕೊಡ್ತೀನಿ ಕಣೋ ಅಂದೆ. ಬೇಡ ಅಕ್ಕ, ಅಂದ.

ಅವರು ಹೋದ ಮೇಲೆ ತಡೆಯಲಾರದೆ, ಚಂದ್ರಿಕಾಳಿಂದ ನಂಬರ್ ತೆಗೆದುಕೊಂಡು, ಮೈತ್ರೇಯಿಗೆ ಮೆಸೇಜ್ ಹಾಕಿದೆ. ಉತ್ತರ ಬಂತು, ನನ್ನ ಫೋನಿನಲ್ಲಿ ಈಗಲೂ ಇದೆ, ಬೇಕಾದರೆ ನೋಡಿ. ನಮ್ಮ ಗಡಿಯಾರದ ಲೆಕ್ಕಕ್ಕೆ ಏಳೂಕಾಲಿಗೆ ಅಲ್ಲಿ ಕರೆಂಟ್ ಹೋಗಿತ್ತಂತೆ. ಎಂಟಕ್ಕೆ ಐದು ನಿಮಿಷ ಇದ್ದಾಗ ಬಂತಂತೆ. ಮೂರನೇ ಹಾಸಿಗೆಗೆ ಈಗ ಹೊಸ ರೋಗಿಯೊಬ್ಬಳು ಬಂದಿದ್ದಾಳೆ. ಅವಳಿಗೂ ಯಾರೂ ಇಲ್ಲ, ಪಟ್ಟಿಯಲ್ಲಿ ಉದಯನ ಹೆಸರೇ. ಹುಷಾರಾಗಿದ್ದಾಳಂತೆ.