ಗೀರು ಬಿದ್ದ ಪ್ಲೇಟು

ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಸೊರಬದ ಬಸ್ಸಿಗೆ ಕಾಯುತ್ತಿದ್ದ ದೀಪಶ್ರೀಯ ಪಕ್ಕದಲ್ಲೇ ಯಾರೋ ಅಕ್ಕ-ತಮ್ಮ ಜಗಳಕ್ಕಿಳಿದಿದ್ದರು. ಅಕ್ಕನ ಕೈಯಲ್ಲಿ ತಮ್ಮ ಕೊಟ್ಟ ಹೊಸ ಸಿಡಿ ಇತ್ತು.

"ಅವ್ವನ ಗ್ರಾಮಫೋನ್ ಪ್ಲೇಟು ಅಟ್ಟದ ಮ್ಯಾಲೆ ಜೋಪಾನ ಐತಿ ಅಂದಿದ್ದೆಲ್ಲೋ?"

"ಗುಜರಿಗೆ ಹಾಕಿ ವರ್ಷಾತು ಅಕ್ಕ. ಅದೇ ಹಾಡು ಇದ್ರಾಗೂ ಐತಿ."

"ವರ್ಷದಿಂದ ಸುಳ್ಳು ಹೇಳ್ಕಂಡು ಬಂದ್ಯಾ?"

"ಗೀರು ಬಿದ್ದಿತ್ತು. ಒಂದೇ ಕಡೆ ಸಿಕ್ಕಾಕ್ಕಂಡು ಒದರ್ತಿತ್ತು."

"ಗೀರಿದೋನೂ ನೀನೇ. ಹಾಡು ಅಲ್ಲಿಗೆ ಬಂದಾಗೆಲ್ಲ ಅವ್ವ ರೊಟ್ಟಿ ಬಿಟ್ಟು ಎದ್ದು ಬಂದು ಮುಳ್ಳು ಎತ್ತಿಡ್ತಿದ್ಲು. ನಿನಗೆ ಒಂದು ಮಾತೂ ಬೈಲಿಲ್ಲ."

"ಇದು ಎಲ್ಲೂ ನಿಲ್ಲಲ್ಲ ಅಕ್ಕ, ಕೇಳಿ ನೋಡು."

"ಅವ್ವ ಸತ್ತ ಮ್ಯಾಲೂ ಹಾಡು ಅಲ್ಲಿ ನಿಂತಾಗ ನಾನು ಅಡಿಗೆಮನಿ ಕಡೆ ನೋಡ್ತಿದ್ದೆ. ಇದು ನಿಲ್ಲದೇ ಇದ್ರೆ ಯಾರ ದಾರಿ ನೋಡ್ಲೋ?"

ಬಸ್ಸು ಬಂತು. ಅಕ್ಕ ಸಿಡಿಯನ್ನು ತಮ್ಮನ ಕೈಗೇ ತುರುಕಿ ಹತ್ತಿದಳು.