ಬೀರಮ್ಮನ ಚಿಟಿಕೆಗೊಂದು ಕಲ್ಲು

ಕೂತ್ಕೊಳ್ಳಿ, ಕಾಲು ಮಡಚಿಕೊಳ್ಳಿ, ಕತೆ ಹಾಯೋಕೆ ದಾರಿ ಬಿಡಿ.

ಊರಿಗಿನ್ನೂ ಹೆಸರಿಡದ ಕಾಲದಲ್ಲಿ, ಒಂದು ಗುಡ್ಡದ ಕೆಳಗೆ ಬೀರಮ್ಮ ಅನ್ನೋ ಕುರಿ ಕಾಯೋ ಮುದುಕಿ ಇದ್ದಳು. ನೂರು ಕುರಿ, ಒಬ್ಬ ಮಗ, ಬುದ್ಧಿವಂತ ಸೊಸೆ, ಮೂರು ತಿಂಗಳ ಮೊಮ್ಮಗಳು. ಇನ್ನೇನು ಬೇಕು? ನಸ್ಯ ಬೇಕು. ಎದ್ದರೆ ಒಂದು ಚಿಟಿಕೆ, ಕೂತರೆ ಒಂದು ಚಿಟಿಕೆ, ಯಾಕೆ ಕೂತೆ ಅನ್ನೋದು ಮರೆತರೆ ಇನ್ನೊಂದು ಚಿಟಿಕೆ.

ಅವಳ ಸೆರಗಿನ ತುಂಬ ನಸ್ಯದ ಪುಡಿ. ಅವಳು ಎತ್ತಿಕೊಂಡರೆ ಸಾಕು, ಮಗು ಸೀನಿ ಸೀನಿ ಉಸಿರುಗಟ್ಟುತ್ತಿತ್ತು. ಸೊಸೆ ದೇವೀರಿ ಕೈಮುಗಿದು ಬೇಡಿಕೊಂಡಳು. ಇವತ್ತಿಗೆ ಬಿಟ್ಟೆ ಅಂತ ಬೀರಮ್ಮ ಮನೆದೇವರ ಮೇಲೆ ಆಣೆ ಇಟ್ಟಳು, ಮುರಿದಳು. ಸತ್ತ ಗಂಡನ ಮೇಲೆ ಇಟ್ಟಳು, ಮುರಿದಳು. ಮುದ್ದಿನ ಟಗರಿನ ಮೇಲೆ ಇಟ್ಟಳು, ಅದನ್ನೂ ಮುರಿದಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಇದು ಹುಟ್ಟುಗುಣ ಅಲ್ಲ, ನಡುವೆ ಅಂಟಿದ್ದು. ಆದರೂ ಹೋಗಲಿಲ್ಲ. ಆಗ ದೇವೀರಿ ಮಗುವನ್ನು ಅತ್ತೆಯ ಮಡಿಲಿಗೆ ಕೊಡೋದನ್ನೇ ನಿಲ್ಲಿಸಿದಳು.

ಬೀರಮ್ಮ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ದಿನಕ್ಕೆ ಎರಡೋ ಮೂರೋ ಚಿಟಿಕೆ ಕಣೇ, ಅದಕ್ಕೆ ಇಷ್ಟು ದೊಡ್ಡ ಶಿಕ್ಷೆಯಾ?"

"ಕುರಿ ದೊಡ್ಡಿ ಸೇರುವಾಗ ತಲೆಗೊಂದರಂತೆ ಗಡಿಗೆಗೆ ಕಲ್ಲು ಹಾಕಿ ಎಣಿಸ್ತೀಯಲ್ಲ ಅತ್ತೆ, ಚಿಟಿಕೆಗೂ ಒಂದು ಹಾಕಿ ನೋಡು."

ಹಾಕಿದಳು. ಕುರಿ ಮನೆಗೆ ಬರೋ ಹೊತ್ತಿಗೆ ಗಡಿಗೆಯಲ್ಲಿ ಎಷ್ಟಿತ್ತು ಅಂತೀರಿ? ಎರಡಲ್ಲ, ಮೂರಲ್ಲ, ಮೂವತ್ತೆರಡು. ಬೀರಮ್ಮ ಗಡಿಗೆಯನ್ನೇ ಬೈದಳು.

ಕೇಳಿ. ಮೊದಲ ವಾರದ ಗಡಿಗೆ ಕಂಠದವರೆಗೆ ತುಂಬಿತು. ಎರಡನೇ ವಾರದ್ದು ಅರ್ಧಕ್ಕೆ ನಿಂತಿತು. ಕಲ್ಲು ಹುಡುಕಿ ಬಗ್ಗೋ ಬೇಸರಕ್ಕೇ ಎಷ್ಟೋ ಚಿಟಿಕೆ ತಪ್ಪಿದವು. ಮೂರನೇ ವಾರದ್ದರಲ್ಲಿ, ತಳದಲ್ಲಿ ನಾಲ್ಕೇ ಕಲ್ಲು.

ಪಕ್ಕದ ಮನೆ ಸಣ್ಣಮ್ಮ ಇಣುಕಿ ನೋಡಿ, ಆ ನಾಲ್ಕನ್ನೂ ಎಸೆದುಬಿಡು, ಯಾರು ನೋಡ್ತಾರೆ, ಖಾಲಿ ಗಡಿಗೆ ತೋರಿಸಿದರೆ ಇವತ್ತೇ ಮಗು ನಿನ್ನ ಮಡಿಲಿಗೆ ಅಂದಳು. ಬೀರಮ್ಮನ ಕೈ ಗಡಿಗೆಯೊಳಗೆ ಹೋಯಿತು. ಅಷ್ಟರಲ್ಲಿ ಒಳಮನೆಯಲ್ಲಿ ಮಗು ನಕ್ಕಿದ್ದು ಕೇಳಿಸಿತು. ನಾಲ್ಕೂ ಕಲ್ಲು ಮುಷ್ಟಿಗೆ ಬಂದವು. ಆದರೆ ದೊಡ್ಡಿಗೆ ಬಾರದ ಕುರಿಯನ್ನು ಬಂತು ಅಂತ ನಲವತ್ತು ವರ್ಷದಲ್ಲಿ ಒಂದು ದಿನವೂ ಎಣಿಸದ ಕೈ ಅದು. ಮುಷ್ಟಿ ಸಡಿಲಿತು.

ಮೂರೂ ಗಡಿಗೆಯನ್ನು ಸೊಸೆಯ ಮುಂದಿಟ್ಟು, ತಲೆ ತಗ್ಗಿಸಿ, "ಇನ್ನೂ ನಾಲ್ಕು ಉಳಿದಿದೆ ಕಣೇ" ಅಂದಳು.

ದೇವೀರಿ ಆ ನಾಲ್ಕನ್ನೂ ಅಂಗೈಗೆ ಸುರಿದುಕೊಂಡಳು. "ಬಿಟ್ಟೇಬಿಟ್ಟೆ ಅಂತ ಮೂರು ಸಲ ಆಣೆ ಇಟ್ಟು ಮುರಿದೆ. ಆಮೇಲೆ ನಿನ್ನ ಮಾತು ನಾನು ನಂಬಲಿಲ್ಲ. ಇವತ್ತು ನಾಲ್ಕು ಅಂದೆ ನೋಡು, ನಂಬಿದೆ. ಮೊದಲು ಹೋಗಿ ಸೀರೆ ಬದಲಾಯಿಸು ಅತ್ತೆ."

ಒಗೆದ ಸೀರೆ ಉಟ್ಟು ಬಂದವಳ ಮಡಿಲಿಗೆ ಮಗು ಬಂತು. ಸೀನಿತಾ? ಇಲ್ಲ. ಅಜ್ಜಿಯ ಮೂಗು ಹಿಡಿದು ಎಳೆಯಿತು. ಮೂಗು ಇರೋದೇ ಅದಕ್ಕೆ ಅಂತ ಬೀರಮ್ಮನಿಗೆ ಆವತ್ತು ಗೊತ್ತಾಯಿತು.

ಅವರ ಮಗು ಅವರ ಮಡಿಲಲ್ಲಿ, ನನ್ನ ಕತೆ ನಿಮ್ಮ ಮಡಿಲಲ್ಲಿ. ಜೋಪಾನ.